ಹಾರಬಲ್ಲ ಒಡೆಯರು

(ಆಕಾಶವಾಣಿ ಭಾಷಣ)

ನಮ್ಮಲ್ಲಿ ಒಂದು ಸಂಘಕ್ಕೆ ಅಧ್ಯಕ್ಷರಾಗಲು ಆ ಸಂಘದ ವಿದ್ಯೆಯನ್ನು ಬಲ್ಲವರೇ ಆಗಿರಬೇಕೆಂಬ ನಿಯಮವೇನೂ ಇಲ್ಲ. ಸ್ವರಜ್ಞಾನವಿಲ್ಲದವರು ಸಂಗೀತ ಸಭೆಗಳ ಅಧ್ಯಕ್ಷರಾಗಿದ್ದಾರೆ; ಗರಡಿಯ ಮಣ್ಣು ಮುಟ್ಟದವರು ಕುಸ್ತಿಯ ಸಂಘಗಳನ್ನು ನಡೆಸಿದ್ದಾರೆ; ಸಾಹಿತ್ಯ ಸಂಘಗಳ ಮಾತನ್ನು ನಾನು ಎತ್ತದಿರುವುದೇ ಲೇಸು. ಆದರೆ ವಿಮಾನದ ಒಡೆಯರೂ ಹಾರಾಟದ ಹುಚ್ಚು ಹಿಡಿದವರೂ ಕೂಡಿ ಈ ಶತಮಾನಕ್ಕೆ ಹಿಂದಣ ಶತಮಾನದ ಇಪ್ಪತ್ತರ ದಶಕದಲ್ಲಿ ಕಟ್ಟಿಕೊಂಡ ಸಂಘಗಳ ಚರಿತ್ರೆಯನ್ನು ನೋಡಿದರೆ, ಅಲ್ಲಿಯ ಮುಂದಾಳುಗಳು ಬೇರೊಂದು ಜಾತಿಯವರೆಂದು ತೋರುತ್ತದೆ. ಅವರಲ್ಲಿ ಬಹುಮಂದಿ ತಾವೇ ಹಾರಿದವರು, ಕೆಲವರು ಬಿದ್ದವರು. ಅಂಥ ನಾಲ್ಕಾರು ಜನರ ಕಥೆಯನ್ನು ಇಂದು ತಮ್ಮೆದುರು ಇಡಬೇಕೆಂದಿದ್ದೇನೆ. ಅವರಲ್ಲಿ ಒಬ್ಬನ ದಾರಿ ನಮ್ಮ ನೆಲದ ಮೇಲೆಯೇ ಹಾದುಹೋಗಿದೆ.

ಕಥೆಗೆ ಮೊದಲು ಶಬ್ದದ ವಿಚಾರವನ್ನು ಒಂದಿಷ್ಟು ಹೇಳುವುದು ಕನ್ನಡ ಮೇಷ್ಟರ ಚಟ, ಕೇಳುಗರು ಸಹಿಸಬೇಕು. ಬಾಗಲಕೋಟೆ ಜಿಲ್ಲೆಯ ನಮ್ಮ ಗುಡೂರಿಗೆ ಐಹೊಳೆ, ಪಟ್ಟದಕಲ್ಲುಗಳು ನೆರೆಯ ಊರುಗಳೇ. ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯದ ಗರ್ಭಗೃಹದ ಮೇಲೆ ಅಂತಸ್ತು ಅಂತಸ್ತಾಗಿ ಏರಿದ ಕಲ್ಲಿನ ಕಟ್ಟಡಕ್ಕೆ ಶಿಲ್ಪಶಾಸ್ತ್ರದಲ್ಲಿ ವಿಮಾನವೆಂದೇ ಹೆಸರು. ಪಂಪನ ಆದಿಪುರಾಣದಲ್ಲಿ ಮಹಾಬಲನು ಸತ್ತು ಲಲಿತಾಂಗದೇವನಾಗಿ ಹುಟ್ಟುವುದು ಶ್ರೀಪ್ರಭವೆಂಬ ವಿಮಾನದಲ್ಲಿ. ಅಲ್ಲಿ ಅದು ದೇವತೆಗಳ ಅರಮನೆ. ರಾಮಾಯಣದ ಪುಷ್ಪಕವು ಹೋಗಬೇಕೆಂದ ಕಡೆಗೆ ಹೋಗುವ ವಾಹನ. ಹೀಗೆ ಗುಡಿ, ಸ್ವರ್ಗದ ಮನೆ, ಮನೋರಥ ಎಂಬ ಮೂರು ಅರ್ಥಗಳನ್ನು ಹೊತ್ತ ಪದವೊಂದು ಎಂಜಿನ್ ಕಟ್ಟಿದ ಯಂತ್ರವೊಂದಕ್ಕೆ ಸಲೀಸಾಗಿ ಅಂಟಿಕೊಂಡಿತು. ಅಂಟಿಕೊಂಡದ್ದರಿಂದ ಒಂದು ಗೊಂದಲವೂ ಹುಟ್ಟಿತು. 'ವೈಮಾನಿಕ ಶಾಸ್ತ್ರ'ವೆಂಬ ಗ್ರಂಥವು ಭರದ್ವಾಜ ಮಹರ್ಷಿಗಳದೆಂದು ನಂಬಿದವರು ನಮ್ಮ ನಾಡಿನಲ್ಲಿ ಬಹಳ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿದ್ವಾಂಸರು 1974ರಲ್ಲಿ ಅದನ್ನು ಪರಿಶೀಲಿಸಿ, ಅದು ಇಪ್ಪತ್ತನೆಯ ಶತಮಾನದ ಆರಂಭದ ರಚನೆಯೆಂದೂ ಅದರಲ್ಲಿ ವರ್ಣಿಸಿದ ಯಂತ್ರಗಳು ನೆಲ ಬಿಟ್ಟು ಏಳಲಾರವೆಂದೂ ತೋರಿಸಿಕೊಟ್ಟರು. ಇರಲಿ. ನಾನು ಹೇಳಹೊರಟಿರುವುದು ನಿಜವಾಗಿಯೂ ನೆಲ ಬಿಟ್ಟು ಎದ್ದವರ ಕಥೆ.

ಆ ಕಾಲದ ವಿಮಾನ ಎಂಥದೆಂಬುದನ್ನು ಅರಿಯದೆ ಈ ಜನರ ಎದೆಗಾರಿಕೆ ಅರ್ಥವಾಗದು. ಇಂಗ್ಲೆಂಡಿನ ಜೆಫ್ರಿ ಡಿ ಹ್ಯಾವಿಲೆಂಡ್ ಎಂಬಾತ ಪತಂಗಗಳನ್ನು ಸಂಗ್ರಹಿಸುವ ಹವ್ಯಾಸವುಳ್ಳವನು. 1925ರ ಫೆಬ್ರುವರಿಯಲ್ಲಿ ಅವನು ಒಂದು ಪುಟ್ಟ ವಿಮಾನವನ್ನು ಹಾರಿಸಿ ಅದಕ್ಕೆ 'ಮಾತ್', ಅಂದರೆ ಪತಂಗ, ಎಂದೇ ಹೆಸರಿಟ್ಟ. ಎರಡೇ ಆಸನ. ಹುಳು ರೆಕ್ಕೆ ಮಡಚುವಂತೆ ಅದರ ರೆಕ್ಕೆಗಳನ್ನೂ ಹಿಂದಕ್ಕೆ ಮಡಚಿ ಸಾಧಾರಣ ಕೊಟ್ಟಿಗೆಯಲ್ಲಿ ಕಟ್ಟಿಹಾಕಬಹುದಾಗಿತ್ತು. ಸರ್ಕಾರ, ಸೇನೆಗಳ ಸ್ವತ್ತಾಗಿದ್ದ ವಿಮಾನವನ್ನು ಒಬ್ಬ ಮನುಷ್ಯ ಕೊಂಡು ಮನೆಯಲ್ಲಿ ಇಟ್ಟುಕೊಳ್ಳುವುದು ಸಾಧ್ಯವಾದದ್ದು ಹೆಚ್ಚಾಗಿ ಈ ಪತಂಗದಿಂದ.

ಇನ್ನು ಅದರ ರೆಕ್ಕೆ: ಮರದ ಚೌಕಟ್ಟಿನ ಮೇಲೆ ಬಿಗಿದ ಬಟ್ಟೆ! ಗುಡೂರು, ಇಳಕಲ್ಲುಗಳ ನೇಕಾರರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಾಸಿನ ಎಳೆಗಳು ಮಗ್ಗದ ಮೇಲೆ ಜಗ್ಗಾಡದಂತೆ, ತುಂಡಾಗದಂತೆ ನಮ್ಮವರು ಗಂಜಿ ಉಣಿಸುತ್ತಾರಷ್ಟೆ? ಹಾಗೆಯೇ ರೆಕ್ಕೆಗೆ ಹೊಚ್ಚಿದ ಬಟ್ಟೆಗೆ 'ಡೋಪ್' ಎಂಬ ಅರಗಿನಂಥ ದ್ರಾವಣವನ್ನು ಪದರು ಪದರಾಗಿ ಬಳಿಯುತ್ತಿದ್ದರು. ಅದು ಒಣಗುತ್ತ ಬಟ್ಟೆಯನ್ನು ಕುಗ್ಗಿಸಿ, ಡೊಳ್ಳಿನ ತೊಗಲಿನಂತೆ ಬಿಗಿ ಮಾಡುತ್ತಿತ್ತು. ಗಂಜಿಗೂ ಡೋಪಿಗೂ ಒಂದು ಅಂತರವಿತ್ತು. ಮೊದಲ ಮಹಾಯುದ್ಧದ ಆರಂಭದ ವರ್ಷಗಳಲ್ಲಿ ಇಂಗ್ಲೆಂಡಿನ ಕಾರ್ಖಾನೆಗಳಲ್ಲಿ ಡೋಪು ಬಳಿಯುತ್ತಿದ್ದ ಕೆಲಸಗಾರರು, ಅವರಲ್ಲಿ ಹೆಂಗಸರೂ ಬಹಳ, ಅದರ ವಿಷದ ಆವಿಯಿಂದ ಕಾಮಾಲೆ ಹತ್ತಿ ಹಾಸಿಗೆ ಹಿಡಿದರು, ಕೆಲವರು ಸತ್ತರು. ಆಮೇಲೆ ದ್ರಾವಣವನ್ನು ಬದಲಿಸಿದರು. ರೆಕ್ಕೆಗೆ ತೆತ್ತ ಬೆಲೆಯಲ್ಲಿ ಹಾರದವರ ಪಾಲೂ ಇತ್ತೆಂಬುದನ್ನು ಹಾರಾಟದ ಚರಿತ್ರೆಕಾರರು ಬೇಗ ಮರೆಯುತ್ತಾರೆ. ಡಿ ಹ್ಯಾವಿಲೆಂಡನೂ ತನ್ನ ಪಾಲನ್ನು ತೆತ್ತ. ಅವನ ಮೂವರು ಗಂಡುಮಕ್ಕಳಲ್ಲಿ ಇಬ್ಬರು, ಒಬ್ಬ 1943ರಲ್ಲಿ, ಇನ್ನೊಬ್ಬ 1946ರಲ್ಲಿ, ತಂದೆಯ ಕಂಪನಿಯ ವಿಮಾನಗಳಲ್ಲಿಯೇ ಜೀವ ಬಿಟ್ಟರು.

ಭಾರತಕ್ಕೆ ಈ ಹುಚ್ಚು ಬಂದದ್ದು 1927ರಲ್ಲಿ. ಆ ವರ್ಷ 'ಏರೋ ಕ್ಲಬ್ ಆಫ್ ಇಂಡಿಯಾ ಅಂಡ್ ಬರ್ಮಾ' ಸ್ಥಾಪನೆಯಾಯಿತು. ಅದರ ಆಶ್ರಯದಲ್ಲಿ, ಸರ್ಕಾರದ ನೆರವು ಪಡೆದು, ದೆಹಲಿ, ಕರಾಚಿ, ಮುಂಬಯಿ, ಕಲಕತ್ತೆಗಳಲ್ಲಿ ಹಾರಾಟದ ಕ್ಲಬ್ಬುಗಳು ತಲೆಯೆತ್ತಿದವು. ಇವುಗಳಿಗೆಲ್ಲ ತಾಯಿಯಂತಿದ್ದ ಏರೋ ಕ್ಲಬ್ಬಿನ ಮೊದಲ ಅಧ್ಯಕ್ಷ ಸರ್ ವಿಕ್ಟರ್ ಸಾಸೂನ್.

ಈ ಸಾಸೂನನ ವ್ಯಕ್ತಿತ್ವ ವಿಲಕ್ಷಣವಾದದ್ದು. ಬಾಗ್ದಾದಿನಿಂದ ಬಂದು ಮುಂಬಯಿಯಲ್ಲಿ ನೆಲೆಸಿದ ಯಹೂದಿ ವರ್ತಕ ಮನೆತನ, ಅಪಾರವಾದ ಐಶ್ವರ್ಯ, ಮುಂಬಯಿಯಲ್ಲಿ ಬಟ್ಟೆಯ ಗಿರಣಿಗಳು, ಶಾಂಘೈಯಲ್ಲಿ 1929ರಲ್ಲಿ ತೆರೆದ ಕ್ಯಾಥೇ ಹೋಟೆಲು, ಲಾಯದ ತುಂಬ ಜೂಜಿನ ಕುದುರೆಗಳು. 1953ರಲ್ಲಿ ಇಂಗ್ಲೆಂಡಿನ ಡರ್ಬಿ ಗೆದ್ದ ಪಿಂಜಾ ಎಂಬ ಕುದುರೆ ಇವನದೇ. ಇಂಥವನು ಹಾರಾಟದ ಕ್ಲಬ್ಬಿಗೆ ಅಧ್ಯಕ್ಷನಾದದ್ದು ಹಣದ ಬಲದಿಂದ ಎಂದು ಯಾರಿಗಾದರೂ ತೋರಬಹುದು. ಹಣದ ಬಲವೂ ಇದ್ದದ್ದು ನಿಜ. ಆದರೆ ಮೊದಲ ಮಹಾಯುದ್ಧದಲ್ಲಿ ಅವನು ಬ್ರಿಟಿಷ್ ನೌಕಾಪಡೆಯ ವಿಮಾನದಳವನ್ನು ಸೇರಿದ್ದ. ಅಲ್ಲಿ ವಿಮಾನ ಬಿದ್ದು ಕಾಲುಗಳು ಜಖಂಗೊಂಡು, ಮುಂದೆ ಜೀವಮಾನವೆಲ್ಲ ಕೋಲೂರಿ ನಡೆದ. ಹಾರಲು ಕಲಿತ ಹುಡುಗರು ಪರವಾನಿಗೆ ಪತ್ರ ಪಡೆದಾಗ ಅದರ ಕೆಳಗೆ ಇರುತ್ತಿದ್ದ ಸಹಿ ಆ ಕುಂಟನದು. ಬೀಳುವುದೆಂದರೆ ಏನೆಂಬುದನ್ನು ಮೈಯಿಂದ ಬಲ್ಲವನು ಹಾಕಿದ ಸಹಿಗೆ ಒಂದು ತೂಕವಿದೆ ಎಂದು ನನಗೆ ಅನಿಸುತ್ತದೆ.

ಆದರೂ ನೇಕಾರರ ಊರಿನವನಾದ ನನಗೆ ಈ ಮನುಷ್ಯನ ಬಗೆಗೆ ಮನಸ್ಸು ಎರಡಾಗುತ್ತದೆ. ಮುಂಬಯಿ ಗಿರಣಿಗಳ ಅಗ್ಗದ ಅರಿವೆ ದಕ್ಷಿಣ ಮಹಾರಾಷ್ಟ್ರ, ಕರ್ನಾಟಕಗಳ ಕೈಮಗ್ಗಗಳಿಗೆ ಕೊಟ್ಟ ಪೆಟ್ಟನ್ನು ಇಲ್ಲಿ ವಿವರಿಸಬೇಕಾಗಿಲ್ಲ. ಭಾರತದ ಕೂಲಿಕಾರರ ಸ್ಥಿತಿಗತಿಗಳ ವಿಚಾರಣೆಗೆಂದು 1929ರಲ್ಲಿ ನೇಮಕವಾದ ರಾಯಲ್ ಕಮಿಷನ್ನಿನಲ್ಲಿ ಈ ಗಿರಣಿಯ ಧಣಿಯೂ ಒಬ್ಬ ಸದಸ್ಯನೆಂಬುದು ಆ ಕಾಲದ ವಿನೋದಗಳಲ್ಲೊಂದು. ಆಕಾಶದ ಅಪಾಯದಲ್ಲಿ ಅವನು ಎಲ್ಲರಿಗೂ ಸಮಾನನಾಗಿದ್ದ, ನಿಜ. ನೆಲದ ಮೇಲೆ ಹಾಗಿರಲಿಲ್ಲ. ಇವೆರಡೂ ಒಬ್ಬನಲ್ಲೇ ಇದ್ದವೆಂದು ಒಪ್ಪಿಕೊಂಡು ಮುಂದೆ ಹೋಗಬೇಕು.

ಸಾಸೂನನ ಸಹಿಯಿದ್ದ ಮೊದಲ ನಂಬರಿನ ಪತ್ರ 1929ರ ಫೆಬ್ರುವರಿ 10ರಂದು ಜಹಾಂಗೀರ್ ರತನ್‌ಜಿ ದಾದಾಭಾಯಿ ಟಾಟಾ ಅವರ ಕೈ ಸೇರಿತು. ಜೆ.ಆರ್.ಡಿ.ಯವರಿಗೆ ಆಗ ಇಪ್ಪತ್ತನಾಲ್ಕು ವರ್ಷ. ಅವರು ಹುಟ್ಟಿದ್ದು ಪ್ಯಾರಿಸಿನಲ್ಲಿ, ತಾಯಿ ಫ್ರೆಂಚ್ ಮಹಿಳೆ. ಬಾಲ್ಯದ ರಜೆಗಳಲ್ಲಿ ಅವರ ಕುಟುಂಬ ಇರುತ್ತಿದ್ದ ಹಾರ್ಡೆಲೋ ಎಂಬ ಕಡಲತೀರದ ಊರಿನಲ್ಲಿ ನೆರೆಯವನಾಗಿದ್ದವನು ಲೂಯಿ ಬ್ಲೇರಿಯೋ, 1909ರಲ್ಲಿ ಇಂಗ್ಲಿಷ್ ಕಾಲುವೆಯನ್ನು ಮೊದಲು ಹಾರಿ ದಾಟಿದಾತ. ಮರಳಿನ ಮೇಲೆ ವಿಮಾನ ಬಂದಿಳಿಯುವುದನ್ನು ಕಂಡ ಹುಡುಗ ಹಾರಾಟಗಾರನಾಗುತ್ತೇನೆಂದು ಅಂದೇ ನಿಶ್ಚಯಿಸಿದ. ಮುಂಬಯಿಯ ಜುಹುವಿನಲ್ಲಿ ಹಾರಾಟದ ಕ್ಲಬ್ಬು ತೆರೆದ ಕೂಡಲೇ ಸೇರಿದ ಅವರು ಮೂರುವರೆ ಗಂಟೆಗಳ ಪಾಠದ ಬಳಿಕ ಒಬ್ಬರೇ ಹಾರಿದರು. ಬದುಕಿನಲ್ಲಿ ತಮಗೆ ಬಂದ ಯಾವ ಪತ್ರಕ್ಕಿಂತಲೂ ಆ ಪುಟ್ಟ ಪರವಾನಿಗೆಯೇ ಹೆಚ್ಚಿನ ಸಂತೋಷ ಕೊಟ್ಟಿತೆಂದು ಅವರು ಮುಪ್ಪಿನಲ್ಲಿಯೂ ಹೇಳುತ್ತಿದ್ದರು.

ಈ ಕ್ಲಬ್ಬುಗಳ ನೀತಿ ಎಂಥದಿತ್ತೆಂಬುದಕ್ಕೆ ಒಂದು ಪ್ರಸಂಗ ಸಾಕು. ಭಾರತ ಮತ್ತು ಇಂಗ್ಲೆಂಡುಗಳ ನಡುವೆ ಯಾವ ದಿಕ್ಕಿನಿಂದಾದರೂ ಸರಿ, ಒಂದು ತಿಂಗಳೊಳಗೆ ಒಬ್ಬಂಟಿಯಾಗಿ ಹಾರಿದ ಮೊದಲ ಭಾರತೀಯನಿಗೆ 500 ಪೌಂಡುಗಳ ಬಹುಮಾನವೆಂದು ಆಗಾ ಖಾನರು ಸಾರಿದರು. 1930ರಲ್ಲಿ ಮೂವರು ಹೊರಟರು. ಮನಮೋಹನ ಸಿಂಗ್ ಇಂಗ್ಲೆಂಡಿನಿಂದ, ಕರಾಚಿ ಕ್ಲಬ್ಬಿನಲ್ಲಿ ಕಲಿತ ಹದಿನೇಳರ ಹುಡುಗ ಆಸ್ಪಿ ಎಂಜಿನಿಯರ್ ಕೂಡ ಅಲ್ಲಿಂದಲೇ, ಜೆ.ಆರ್.ಡಿ. ಇತ್ತ ಕರಾಚಿಯಿಂದ. ಈಜಿಪ್ತಿನ ಅಲೆಕ್ಸಾಂಡ್ರಿಯಾದ ಬಳಿಯ ಅಬೂಕಿರಿನಲ್ಲಿ ಜೆ.ಆರ್.ಡಿ. ಇಳಿದಾಗ ಆಸ್ಪಿಯ ಮಾತ್ ವಿಮಾನ ಅಲ್ಲಿ ಸುಮ್ಮನೆ ನಿಂತಿತ್ತು. ಸ್ಪಾರ್ಕ್ ಪ್ಲಗ್ಗುಗಳು ಕೆಟ್ಟಿದ್ದವು. ಹುಡುಗನ ಬಳಿ ಬದಲಿ ಇರಲಿಲ್ಲ. ಸ್ಪರ್ಧಿಯ ಕಷ್ಟ ತನ್ನ ಭಾಗ್ಯವೆಂದು ಹಾರಿಹೋಗಬಹುದಾಗಿತ್ತು. ಜೆ.ಆರ್.ಡಿ. ತಮ್ಮ ಬಳಿಯಿದ್ದ ಪ್ಲಗ್ಗುಗಳನ್ನು ಕೊಟ್ಟರು. ಆಸ್ಪಿ ಕೆಲವೇ ಗಂಟೆಗಳ ಅಂತರದಿಂದ ಗೆದ್ದ. ಮನಮೋಹನ ಸಿಂಗರು ಹಾರಿ ಮುಟ್ಟಿದರೂ ಗಡುವು ಮೀರಿತ್ತು. ಅಂದು ಪ್ಲಗ್ಗು ಪಡೆದ ಹುಡುಗ 1960ರಲ್ಲಿ ಭಾರತೀಯ ವಾಯುಪಡೆಯ ಮುಖ್ಯಸ್ಥನಾದ. ಮನಮೋಹನ ಸಿಂಗರ ಪಾಲಿಗೆ ಬಂದದ್ದು ಬೇರೆ: 1942ರ ಮಾರ್ಚಿಯಲ್ಲಿ ಆಸ್ಟ್ರೇಲಿಯಾದ ಬ್ರೂಮ್ ಬಂದರಿನ ಮೇಲೆ ಜಪಾನೀಯರು ನಡೆಸಿದ ದಾಳಿಯಲ್ಲಿ ಮರಣ.

ಇನ್ನು ನಮ್ಮ ಸೀಮೆಯ ಮೇಲೆ ಹಾದವನ ಮಾತು. ನೆವಿಲ್ ವಿನ್ಸೆಂಟ್ ದಕ್ಷಿಣ ಆಫ್ರಿಕಾದ ಮೂಲದವನು. ಬ್ರಿಟಿಷ್ ವಾಯುಪಡೆಯಲ್ಲಿ ಸೇವೆ ಸಲ್ಲಿಸಿ ಶೌರ್ಯ ಪದಕ ಪಡೆದವನು. ಯುದ್ಧ ಮುಗಿದ ಮೇಲೆ ಹಳೆಯ ವಿಮಾನಗಳೊಡನೆ ಭಾರತಕ್ಕೆ ಬಂದು, ಹಣ ಕೊಟ್ಟವರನ್ನು ಕೂರಿಸಿಕೊಂಡು ಊರೂರ ಮೇಲೆ ಸುತ್ತಿಸಿ ಇಳಿಸುತ್ತಿದ್ದ. ಜಾತ್ರೆಯ ತೊಟ್ಟಿಲಿನವರ ಕಸುಬೇ ಅನ್ನಿ. ಈ ತಿರುಗಾಟದಲ್ಲಿಯೇ ಅವನಿಗೆ ಅಂಚೆಯ ಯೋಚನೆ ಹೊಳೆದದ್ದು. ಲಂಡನ್ನಿನಿಂದ ಕರಾಚಿಗೆ ವಿಮಾನದ ಅಂಚೆ ಬರುತ್ತಿತ್ತು; ಅಲ್ಲಿಂದ ಮುಂಬಯಿ, ಮದ್ರಾಸುಗಳಿಗೆ ಅದು ರೈಲು ಹಿಡಿಯಬೇಕು. ಈ ಉಳಿದ ದಾರಿಯನ್ನೂ ಹಾರಿ ಮುಗಿಸೋಣವೆಂದು 1929ರಲ್ಲಿ ಟಾಟಾ ಮನೆತನದೆದುರು ಯೋಜನೆಯನ್ನಿಟ್ಟ. ಹಿರಿಯರಾದ ದೊರಾಬ್‌ಜಿ ಟಾಟಾ ಹಿಂದೆಗೆದರು. ಹಾರಬಲ್ಲ ಕಿರಿಯರು ಮುಂದೆ ಬಂದರು. ಸರ್ಕಾರ ಸಹಾಯಧನ ಕೊಡಲೊಪ್ಪದೆ ಮೂರು ವರ್ಷ ಸತಾಯಿಸಿತು. ಕೊನೆಗೆ ಸಹಾಯಧನವಿಲ್ಲದೆಯೇ ನಡೆಸುತ್ತೇವೆಂದು ಒಪ್ಪಿ, ಎರಡು ಲಕ್ಷ ರೂಪಾಯಿಗಳ ಬಂಡವಾಳದಲ್ಲಿ ಕೆಲಸ ಶುರುವಾಯಿತು.

1932ರ ಅಕ್ಟೋಬರ್ 15ರ ಬೆಳಗು ಜೆ.ಆರ್.ಡಿ. ಕರಾಚಿಯಿಂದ ಪುಸ್ ಮಾತ್ ವಿಮಾನವನ್ನು ಹಾರಿಸಿಕೊಂಡು ಹೊರಟರು. ಒಂದೇ ಎಂಜಿನ್, ರೇಡಿಯೋ ಇಲ್ಲ. ಅಹಮದಾಬಾದಿನಲ್ಲಿ ಪೆಟ್ರೋಲು ಡಬ್ಬಿಗಳು ಎತ್ತಿನ ಗಾಡಿಯಲ್ಲಿ ಬಂದವು. ಎತ್ತು ಎಳೆದು ತಂದ ಎಣ್ಣೆಯನ್ನು ಕುಡಿದು ವಿಮಾನ ಹಾರುವ ಆ ಚಿತ್ರ ನಮ್ಮ ದೇಶದ ಒಂದು ಇಡೀ ಕಾಲವನ್ನೇ ಹೇಳಿಬಿಡುತ್ತದೆ. ಮಧ್ಯಾಹ್ನ ಜುಹುವಿನಲ್ಲಿ ಅವರು ಇಳಿದ ಬಳಿಕ ಮದ್ರಾಸಿನ ಅಂಚೆಯನ್ನು ವಿನ್ಸೆಂಟ್ ವಹಿಸಿಕೊಂಡ. ಅವನ ದಾರಿ ಬಳ್ಳಾರಿಯ ಮೂಲಕ. ರಾತ್ರಿ ಬಳ್ಳಾರಿಯಲ್ಲಿ ತಂಗಿ ಮರುದಿನ ಮದ್ರಾಸನ್ನು ಮುಟ್ಟಿದ.

ನಕ್ಷೆಯ ಮೇಲೆ ಮುಂಬಯಿಯಿಂದ ಬಳ್ಳಾರಿಗೆ ಒಂದು ನೂಲನ್ನು ಹಿಡಿದು ನೋಡಿ. ಆ ನೂಲು ಬಾಗಲಕೋಟೆಯ ಮಗ್ಗುಲಲ್ಲಿ ಸಾಗಿ ಗುಡೂರು, ಇಳಕಲ್ಲುಗಳ ನೆತ್ತಿಯ ಮೇಲೆಯೇ ಬೀಳುತ್ತದೆ. ಅಂದಿನ ಪೈಲಟ್ಟುಗಳು ನೂಲು ಹಿಡಿದಂತೆ ಹಾರುತ್ತಿರಲಿಲ್ಲ. ಹೊಳೆಗಳನ್ನೂ ರೈಲುಹಳಿಗಳನ್ನೂ ಕಣ್ಣಳತೆಯಲ್ಲಿಟ್ಟು ದಾರಿ ಹುಡುಕುತ್ತಿದ್ದರು. ಈ ಸೀಮೆಯಲ್ಲಿ ಅವರಿಗೆ ಗುರುತು ಕೊಡುವಂಥವು ಕೃಷ್ಣೆ, ಘಟಪ್ರಭೆ, ಮಲಪ್ರಭೆಗಳು. ಹತ್ತೊಂಬತ್ತನೆಯ ಶತಮಾನದಲ್ಲೇ ಹಾಕಿದ ಗದಗು–ಹೊಟಗಿ ರೈಲುದಾರಿ. ಹೇಗೆ ಹಾರಿದರೂ ಆಗಿನ ಅಖಂಡ ವಿಜಾಪುರ ಜಿಲ್ಲೆಯನ್ನೋ ಅದರ ಅಂಚನ್ನೋ ದಾಟದೆ ಬಳ್ಳಾರಿ ಸಿಕ್ಕದು. ಚಾಲುಕ್ಯರ ವಿಮಾನಗಳು ನಿಂತ ನೆಲದ ಮೇಲೆ ಬಟ್ಟೆ ಹೊದ್ದ ವಿಮಾನವೊಂದು ವಾರಕ್ಕೊಮ್ಮೆ ಕಾಗದಗಳನ್ನು ಹೊತ್ತು ಸಾಗಿತೆಂಬುದು ನನಗೆ ಸಣ್ಣ ಸಂಗತಿಯಾಗಿ ತೋರುವುದಿಲ್ಲ. ಮೊದಲ ವರ್ಷದ ಲೆಕ್ಕ ಹೀಗಿದೆ: 1,60,000 ಮೈಲಿ ಹಾರಾಟ, 155 ಪ್ರಯಾಣಿಕರು, ಹತ್ತು ಟನ್ನಿಗೂ ಮಿಕ್ಕ ಅಂಚೆ, ಲಾಭ 60,000 ರೂಪಾಯಿ.

ವಿನ್ಸೆಂಟನ ಹೆಸರು ಇಂದು ನಮ್ಮ ಪಠ್ಯಗಳಲ್ಲಿ ಕಾಣಸಿಗುವುದು ಅಪರೂಪ. ಕೀರ್ತಿ ಒಡೆಯನ ಹೆಸರಿಗೆ ಹೋಗಿ ಕೂಡುವುದು ಲೋಕರೂಢಿ. ಆದರೆ ಯೋಜನೆಯನ್ನು ಹೆಣೆದವನು ಅವನು. ದಖ್ಖನದ ಬೆಟ್ಟ ಬಯಲುಗಳ ಕಷ್ಟದ ಅರ್ಧವನ್ನು ಹಾರಿದವನೂ ಅವನು. 1942ರ ಆರಂಭದಲ್ಲಿ ಯುದ್ಧಕಾಲದ ಕೆಲಸಕ್ಕೆಂದು ಇಂಗ್ಲೆಂಡಿಗೆ ಹೋಗಿ ಭಾರತಕ್ಕೆ ಮರಳುತ್ತಿದ್ದಾಗ, ಅವನಿದ್ದ ಬಾಂಬರ್ ವಿಮಾನವನ್ನು ಫ್ರಾನ್ಸಿನ ಕಡಲಾಚೆ ಶತ್ರುಗಳು ಹೊಡೆದುರುಳಿಸಿದರು.

ಇಲ್ಲಿ ಅಮೆರಿಕೆಯ ಒಂದು ಉದಾಹರಣೆಯನ್ನು ತಂದರೆ ಹೋಲಿಕೆಗೆ ಅನುಕೂಲ. ಅಲ್ಲಿ 1939ರ ಮೇ ತಿಂಗಳಲ್ಲಿ ವಿಮಾನದ ಒಡೆಯರೂ ಪೈಲಟ್ಟುಗಳೂ ಸೇರಿ ಒಂದು ಸಂಘ ಕಟ್ಟಿದರು. ಮೊದಲ ಅಧ್ಯಕ್ಷ ಟೌನ್ಸೆಂಡ್ ಲಡಿಂಗ್ಟನ್. ನ್ಯೂಯಾರ್ಕ್ ಮತ್ತು ವಾಷಿಂಗ್ಟನ್ ನಡುವೆ ಗಂಟೆಗೊಂದರಂತೆ ವಿಮಾನ ಓಡಿಸುವ ಕಂಪನಿಯನ್ನು 1930ರಲ್ಲಿ ಕಟ್ಟಿದವನು. ಸಂಘವನ್ನು ನಿಜವಾಗಿ ಬೆಳೆಸಿದವನು ಜೋಸೆಫ್ ಹಾರ್ಟ್‌ರಾನ್ಫ್ಟ್. ವಿದ್ಯಾರ್ಥಿಯಾಗಿದ್ದಾಗ ವಿಶ್ವವಿದ್ಯಾಲಯದ ಹಾರಾಟದ ಕ್ಲಬ್ಬನ್ನು ನಡೆಸಿ ಬಂದವನು. 1977ರವರೆಗೂ ಸಂಘದ ಚುಕ್ಕಾಣಿ ಅವನ ಕೈಯಲ್ಲಿತ್ತು. ಅಲ್ಲಿ ಒಡೆತನವೆಂಬುದು ನಡುವರ್ಗದ ಡಾಕ್ಟರು, ರೈತರವರೆಗೆ ಇಳಿಯಿತು. ನಮ್ಮಲ್ಲಿ ಸ್ವಂತ ವಿಮಾನ ರಾಜರಲ್ಲಿ, ಗಿರಣಿಯವರಲ್ಲಿ ನಿಂತಿತು. ಮಿಕ್ಕವರಿಗೆ ಕ್ಲಬ್ಬಿನ ವಿಮಾನವೇ ಗತಿ. ಆ ಕ್ಲಬ್ಬಾದರೂ ಇದ್ದುದರಿಂದಲೇ ರೈಲ್ವೆ ನೌಕರರ, ವಕೀಲರ, ಗುಮಾಸ್ತರ ಮಕ್ಕಳಿಗೆ ಆಕಾಶದ ಒಂದು ಬಾಗಿಲು ತೆರೆಯಿತೆನ್ನಬೇಕು.

ಆ ಬಾಗಿಲನ್ನು ಅಗಲ ಮಾಡುವ ಕೆಲಸದಲ್ಲಿ ನಮ್ಮ ನಾಡಿನ ಪಾಲು ದೊಡ್ಡದು. 1940ರ ಡಿಸೆಂಬರಿನಲ್ಲಿ ವಾಲಚಂದ ಹೀರಾಚಂದರು ಮೈಸೂರು ಸಂಸ್ಥಾನದ ಬೆಂಬಲದಿಂದ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯನ್ನು ಸ್ಥಾಪಿಸಿದರು. ಎರಡು ವರ್ಷಗಳಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿಮಾನ ವಿದ್ಯೆಯ ವಿಭಾಗ ಆರಂಭವಾಯಿತು. ಜರ್ಮನಿಯ ಗ್ಯೋಟಿಂಗೆನ್ನಿನಲ್ಲಿ ಪ್ರಾಂಟಲ್ ಎಂಬ ಮಹಾ ವಿಜ್ಞಾನಿಯ ಶಿಷ್ಯರಾಗಿ ಡಾಕ್ಟರೇಟ್ ಪಡೆದು ಬಂದ ವಿ.ಎಂ. ಘಾಟಗೆಯವರು ಅಲ್ಲಿ ಪಾಠ ಹೇಳಿದರು, ಕಾರ್ಖಾನೆಯಲ್ಲಿ ವಿನ್ಯಾಸ ಮಾಡಿದರು. ಅವರ ನೇತೃತ್ವದಲ್ಲಿ ರೂಪುಗೊಂಡ ತರಬೇತಿ ವಿಮಾನ ಎಚ್‌ಟಿ-2, 1951ರ ಆಗಸ್ಟ್ 5ರಂದು ಹಾರಿತು. ಸ್ವಾತಂತ್ರ್ಯ ಬಂದ ಹೊಸದರಲ್ಲಿಯೇ ಜಕ್ಕೂರಿನಲ್ಲಿ ಸರ್ಕಾರದ ಹಾರಾಟದ ಶಾಲೆ ತೆರೆದಿತ್ತು.

ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು 1958ರ ಸೆಪ್ಟೆಂಬರ್ 28ರಂದು ಬೆಂಗಳೂರಿನಲ್ಲಿ ಮೊದಲ ಸಲ ಹಾರಿದ ಪುಟ್ಟ ವಿಮಾನ. ದೇಶದ ಹಾರಾಟದ ಕ್ಲಬ್ಬುಗಳಿಗೆಂದೇ ಮಾಡಿದ್ದು. ಎರಡು ಆಸನ, 90 ಅಶ್ವಶಕ್ತಿಯ ಎಂಜಿನ್, ಉಕ್ಕಿನ ಕೊಳವೆಗಳ ಹಂದರ, ಅದರ ಮೇಲೆ ಮತ್ತೆ ಅದೇ ಬಟ್ಟೆ, ಅದೇ ಡೋಪು. ಹೆಸರು 'ಪುಷ್ಪಕ್'. ಇಂಥ ವಿಮಾನಗಳು ನೂರೈವತ್ತರ ಆಸುಪಾಸು ತಯಾರಾಗಿ ಊರೂರ ಕ್ಲಬ್ಬುಗಳಿಗೆ ಹೋದವು. ಒಂದಿಡೀ ತಲೆಮಾರಿನ ಪೈಲಟ್ಟುಗಳು ಮೊದಲು ನೆಲ ಬಿಟ್ಟದ್ದು ಇದರಲ್ಲಿ. ಲಂಕೆಯ ಒಡೆಯನ ಪುಷ್ಪಕವು ಎಷ್ಟು ಜನ ಕೂತರೂ ಇನ್ನೊಬ್ಬರಿಗೆ ಜಾಗ ಕೊಡುತ್ತಿತ್ತಂತೆ. ಬೆಂಗಳೂರಿನ ಪುಷ್ಪಕದಲ್ಲಿ ಗುರುವಿಗೂ ಶಿಷ್ಯನಿಗೂ ಮೊಣಕೈ ತಾಗುವಷ್ಟೇ ಜಾಗ.

ಒಡೆಯರ ಕಥೆ ಆಮೇಲೆ ಬೇರೆ ದಾರಿ ಹಿಡಿಯಿತು. 1953ರಲ್ಲಿ ವಿಮಾನ ಕಂಪನಿಗಳು ರಾಷ್ಟ್ರೀಕರಣಗೊಂಡವು. ವಿನ್ಸೆಂಟ್ ಮತ್ತು ಜೆ.ಆರ್.ಡಿ. ಹಚ್ಚಿದ ಬಳ್ಳಿ ಮತ್ತೆ ಟಾಟಾ ಅಂಗಳಕ್ಕೆ ಬಂದದ್ದು 2022ರ ಜನವರಿಯಲ್ಲಿ. ತೊಂಬತ್ತರ ದಶಕದಲ್ಲಿ ಹಾಸನ ಜಿಲ್ಲೆಯ ಗೊರೂರಿನ ಜಿ.ಆರ್. ಗೋಪಿನಾಥರು ಹೆಲಿಕಾಪ್ಟರ್ ಕಂಪನಿಯೊಂದನ್ನು ಕಟ್ಟಿದಾಗ ಅವರ ಹೆಸರಿನ ಹಿಂದಿದ್ದ 'ಕ್ಯಾಪ್ಟನ್' ಎಂಬ ಪದವಿ ಭೂಸೇನೆಯದು, ವಿಮಾನದ್ದಲ್ಲ. 1971ರ ಯುದ್ಧವನ್ನು ಕಂಡು, ಊರಿಗೆ ಬಂದು ತೋಟ ಮಾಡಿ ರೇಷ್ಮೆ ಬೆಳೆದ ಒಕ್ಕಲಿಗ ಕೆಲಸದವರು ಅವರು. ಹಾರುವ ವಿದ್ಯೆ ಬಲ್ಲವರು ಜೊತೆಗಾರರಾದ ಕ್ಯಾಪ್ಟನ್ ಸ್ಯಾಮುಯೆಲ್. ಸಾಸೂನನ ಕಾಲದಲ್ಲಿ ಒಬ್ಬನ ಮೈಯಲ್ಲೇ ಇದ್ದ ಎರಡು ಗುಣಗಳು ಇಲ್ಲಿ ಇಬ್ಬರಲ್ಲಿ ಹಂಚಿಕೊಂಡವು. ಆದರೆ ಹಾರದ ಒಡೆಯನಿಗೆ ಒಂದು ಸಂಗತಿ ಹೊಳೆಯಿತು, ಹಾರಬಲ್ಲ ಸಿರಿವಂತರಿಗೆ ಅದು ಹೊಳೆದಿರಲಿಲ್ಲ: ಬಸ್ಸಿನಲ್ಲಿ ರಾತ್ರಿಯೆಲ್ಲ ತೂಕಡಿಸಿ ಹೋಗುವವನೂ ವಿಮಾನದ ಗಿರಾಕಿಯಾಗಬಲ್ಲ. 2003ರ ಆಗಸ್ಟಿನಲ್ಲಿ ಅವರ ಅಗ್ಗದ ದರದ ಏರ್ ಡೆಕ್ಕನ್ ಸೇವೆ ಬೆಂಗಳೂರಿನಿಂದ ಹುಬ್ಬಳ್ಳಿಗೆ ಹಾರಿತು. ಐದಾರು ವರ್ಷಗಳಲ್ಲಿ ಆ ಕಂಪನಿ ಬೇರೊಬ್ಬರ ಕೈಸೇರಿ ಹೆಸರು ಕಳೆದುಕೊಂಡಿತು. ಹುಬ್ಬಳ್ಳಿಗೆ ವಿಮಾನ ಬರುವುದು ಮಾತ್ರ ಜನಕ್ಕೆ ರೂಢಿಯಾಯಿತು.

ಜೆ.ಆರ್.ಡಿ. ಟಾಟಾ ಕೊನೆಯ ದೊಡ್ಡ ಹಾರಾಟ ಮಾಡಿದ್ದು 1982ರ ಅಕ್ಟೋಬರಿನಲ್ಲಿ, ಎಪ್ಪತ್ತೆಂಟನೆಯ ವಯಸ್ಸಿನಲ್ಲಿ. ಮೊದಲ ಅಂಚೆಯ ಐವತ್ತನೆಯ ವರ್ಷದ ನೆನಪಿಗೆಂದು ಹಳೆಯ ಲೆಪರ್ಡ್ ಮಾತ್ ವಿಮಾನವನ್ನು ಕರಾಚಿಯಿಂದ ಮುಂಬಯಿಗೆ ಒಬ್ಬರೇ ಹಾರಿಸಿಕೊಂಡು ಬಂದರು. ಜುಹುವಿನಲ್ಲಿ ಹೂಮಾಲೆಗಳು ಕಾದಿದ್ದವು. ಅಲ್ಲಿಂದ ಬಳ್ಳಾರಿಯ ದಾರಿ ಹಿಡಿಯಬೇಕಾಗಿದ್ದ ಇನ್ನೊಬ್ಬ ಪೈಲಟ್ ಸತ್ತು ಆಗಲೇ ನಲವತ್ತು ವರ್ಷಗಳಾಗಿದ್ದವು.